ಮೂರನೆಯ ಪರದೆ

ಮೊಣಕಾಲಿನಿಂದ ಕೆಳಗಿನದು ತನ್ನದೋ, ಸಾಹೇಬರದೋ? ಹಾಜಿಮಲಂಗನಿಗೆ ಬಗೆಹರಿಯಲಿಲ್ಲ. ಹೊಟ್ಟೆ ತನ್ನದು, ಅದನ್ನು ತುಂಬುವ ಹೊಣೆ ಹೊರಲು ಯಾರೂ ಬಂದಿರಲಿಲ್ಲ. ಬೆನ್ನು ತನ್ನದು, ಅದರ ನೋವೂ ತನ್ನದೇ. ಆದರೆ ಈ ಎರಡು ಕಾಲುಗಳು? ಇವಕ್ಕೆ ಎಣ್ಣೆ ಹಚ್ಚಬಾರದು. ಸಾಬೂನು ತಾಗಿಸಬಾರದು. ಮಧ್ಯಾಹ್ನದ ಮೇಲೆ ನೀರು ಸೋಕಿಸಬಾರದು. ಹೊತ್ತು ಇಳಿದ ಮೇಲೆ ಅವನು ಮನೆಯ ಮುಂದಿನ ಫರಸಿ ಕಲ್ಲಿನ ಮೇಲೆ ಕುಳಿತಿದ್ದ. ಎದುರಿಗೆ ನೀರು ತುಂಬಿದ ಕೊಡವಿತ್ತು. ಬರೀ ಹಿಮ್ಮಡಿಯನ್ನಷ್ಟೇ ತೊಳೆದರೆ ಯಾರಿಗೆ ಗೊತ್ತಾದೀತು? ಮೇಲ್ವಿಚಾರಕ ಪಾಂಡುರಂಗರಾಯರಿಗೆ ಗೊತ್ತಾಗಲಿಕ್ಕಿಲ್ಲ. ಸೊಳ್ಳೆಗಳಿಗೆ ಗೊತ್ತಾಗುತ್ತದೆ. ಅವು ಬರುವುದನ್ನು ಬಿಡುತ್ತವೆ. ಆಗ ರಾಯರಿಗೂ ಗೊತ್ತಾಗುತ್ತದೆ.

ಒಳಗಿನಿಂದ ಹೆಂಡತಿ ಜಾನಬಿ ಕೇಳಿದಳು. "ಒಂದು ಚರಿಗಿ ಹಾಕ್ಕೊಂಡ್ರ ಏನಾಗ್ತದ? ಉಣ್ಣಾಕ ಕೂತ್ರ ನಾತ ಮುಂದ ಬರ್ತದ, ನೀವು ಹಿಂದ ಬರ್ತೀರಿ."

ಅವನು ಕೊಡವನ್ನು ಪಕ್ಕಕ್ಕೆ ಸರಿಸಿದ. ಎದ್ದು, ಪೈಜಾಮದ ಲಾಡಿ ಬಿಗಿದುಕೊಂಡು ಕೆಲಸಕ್ಕೆ ಹೊರಟ. ಕೆಲಸವೆಂದರೆ ಕೂರುವುದು. ಕಾಲು ಬಿಟ್ಟುಕೊಂಡು ಸೊಳ್ಳೆಗಳ ಮುಂದೆ ಕೂರುವುದು.

ಅದಕ್ಕೂ ಮೊದಲು ಅವನ ಕೆಲಸ ಬೇರೆಯಿತ್ತು. ಶಹಾಬಾದಿನಲ್ಲಿ ಆ ಓಣಿಯ ಗಂಡಸರೆಲ್ಲ ಫರಸಿ ಖಣಿಯವರು. ನೆಲದೊಳಗೆ ಪದರು ಪದರಾಗಿ ಮಲಗಿದ ಕಲ್ಲನ್ನು ಹಾರೆ ಹಾಕಿ ಎಬ್ಬಿಸುವವರು. ಬೆಳಗಿನಿಂದ ಸಂಜೆತನಕ ಕಲ್ಲಿನ ಪುಡಿ ಹಾರುತ್ತಿತ್ತು. ಸಂಜೆಗೆ ಎಲ್ಲರ ಕಾಲೂ ಮೊಣಕಾಲತನಕ ಜೋಳದ ಹಿಟ್ಟು ಮೆತ್ತಿದ ಹಾಗೆ ಬೆಳ್ಳಗಿರುತ್ತಿತ್ತು. ಆ ಕಾಲಿನಲ್ಲಿ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಖಣಿಯ ತಳದಲ್ಲಿ ಒಸರುವ ನೀರಿನ ಸುತ್ತ ಸಾಲಾಗಿ ಕುಳಿತು ತೊಳೆದುಕೊಳ್ಳುತ್ತಿದ್ದರು. ಕಲ್ಲಿನ ಚೂರು ಹಿಡಿದು ಉಜ್ಜುತ್ತಿದ್ದರು. ಹಿಂದೂ ಮುಸಲ್ಮಾನ ಅಂತ ಇರಲಿಲ್ಲ, ಹಿರಿಯ ಕಿರಿಯ ಅಂತ ಇರಲಿಲ್ಲ. ಆಳುಗಳ ಮೇಲಿನ ಮುಕಾದಮ ಕೂಡ ಆ ಹೊತ್ತಿನಲ್ಲಿ ಯಾರನ್ನೂ ಕರೆಯುತ್ತಿರಲಿಲ್ಲ. ಕಾಲು ತೊಳೆಯುವ ತನಕ ಒಬ್ಬೊಬ್ಬನೂ ಖಣಿಯ ಆಳು. ತೊಳೆದ ಮೇಲೆ ಯಾರದೋ ಗಂಡ, ಯಾರದೋ ಅಪ್ಪ. ಮನೆಗೆ ಹೋಗಿ ಬೇವಿನೆಣ್ಣೆಯನ್ನು ಹಿಮ್ಮಡಿಯ ಒಡಕಿಗೆ ಹಚ್ಚಿಕೊಂಡರೆ ಆ ದಿನ ಮುಗಿಯಿತು.

ಖಣಿಗೆ ನೀರು ಹೆಚ್ಚಾಯಿತು. ನೀರೆತ್ತುವ ಖರ್ಚು ಮೈಮೇಲೆ ಬರುತ್ತದೆಂದು ಮಾಲಕ ಬೇರೆ ಕಡೆ ಖಣಿ ತೆಗೆದ. ಹಳೆಯ ಆಳುಗಳನ್ನು ಕರೆಯಲಿಲ್ಲ. ತೆಗೆದ ಹಳ್ಳವನ್ನು ಮುಚ್ಚಲೂ ಇಲ್ಲ. ಎರಡು ಮಳೆಗಾಲಕ್ಕೆ ಅದು ಕೆರೆಯಾಯಿತು. ಪಾಚಿ ಕಟ್ಟಿತು. ಜೊಂಡು ಬೆಳೆಯಿತು. ಬೆಳ್ಳಕ್ಕಿ ಬಂದವು. ಹಂದಿ ಹೊರಳಿದವು. ಸಂಜೆಗೆ ಅಲ್ಲಿಂದ ಸೊಳ್ಳೆ ಹೊಗೆಯ ಹಾಗೆ ಏಳುತ್ತಿತ್ತು.

ಆಮೇಲೆ ಜ್ವರ ಬಂತು. ದೊಡ್ಡವರಿಗೆ ಬಂದು ಹೋಯಿತು. ಮಕ್ಕಳಿಗೆ ಬಂದು ನಿಂತಿತು. ಮೆದುಳು ಜ್ವರ ಅಂದರು. ಹಾಜಿಮಲಂಗನ ಮಗಳು ತಸ್ಲೀಮ್ ಬೆಳಿಗ್ಗೆ ತಲೆನೋವೆಂದಳು; ಸಂಜೆಗೆ ಕುತ್ತಿಗೆ ಕಟ್ಟಿಗೆಯಾಯಿತು; ಮರುದಿನ ಅಪ್ಪನ ಮುಖ ನೋಡಿ ಯಾರು ನೀನು ಎಂದು ಕೇಳಿದಳು. ಕಲಬುರಗಿಗೆ ಒಯ್ಯಬೇಕೆಂದು ಹೊತ್ತುಕೊಂಡು ಸ್ಟೇಷನ್ನಿಗೆ ಹೋದ. ಪ್ಯಾಸೆಂಜರ್ ತಡವಾಗಿತ್ತು. ಪ್ಲಾಟ್‌ಫಾರ್ಮಿನ ಕಲ್ಲಿನ ಬೆಂಚಿನ ಮೇಲೆ ಅವಳು ಸತ್ತಳು. ಆ ಬೆಂಚಿನ ಫರಸಿ ಅವರ ಖಣಿಯದೇ.

ಮರುವರ್ಷ, ತೊಂಬತ್ತೆಂಟರ ಮಳೆಗಾಲದಲ್ಲಿ, ಜೀಪುಗಳು ಬಂದವು. ದೂರದ ಊರಿನ ಯಾವುದೋ ಸಂಸ್ಥೆಯವರು. ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಲ್ಲಿ ತಿರುಗಿ ಎಮ್ಮೆ, ಹಂದಿ, ಮನುಷ್ಯರ ರಕ್ತ ತೆಗೆದುಕೊಂಡರು. ಶಹಾಬಾದಿನಲ್ಲಿ ಬೀಡುಬಿಟ್ಟರು. ಅವರ ದೊಡ್ಡವರು ಡಾಕ್ಟರ್ ನಂದಕಿಶೋರ್. ಓಣಿಯ ಬೇವಿನ ಗಿಡದ ಕೆಳಗೆ ಜನರನ್ನು ಕೂಡಿಸಿ ಚೆನ್ನಾಗಿಯೇ ತಿಳಿಸಿದರು. ಈ ರೋಗದ ವಿಷಾಣು ಹಂದಿಯ ಮೈಯಲ್ಲಿ ಬೆಳೆಯುತ್ತದೆ, ನೀರಿನ ಹಕ್ಕಿಯಲ್ಲಿ ಬೆಳೆಯುತ್ತದೆ. ಸೊಳ್ಳೆ ಅಲ್ಲಿ ಕುಡಿದು ಮನುಷ್ಯನಿಗೆ ಕಚ್ಚುತ್ತದೆ. ಯಾವ ಸೊಳ್ಳೆ, ಅದಕ್ಕೆ ಯಾರ ರಕ್ತ ಇಷ್ಟ, ಅದು ಗೊತ್ತಾದರೆ ಮಕ್ಕಳು ಉಳಿಯುತ್ತಾರೆ. ನಾವು ಬಂದಿರುವುದು ನಿಮ್ಮ ಮಕ್ಕಳಿಗಾಗಿ ಅಂದರು.

ಹಾಜಿಮಲಂಗ ಎದ್ದುನಿಂತು ತಸ್ಲೀಮಳ ವಿಷಯ ಹೇಳಿದ. ಮಂದಿಯ ನಡುವೆ ಎದ್ದುನಿಂತು ಮಾತಾಡುವವನಲ್ಲ ಅವನು. ಡಾಕ್ಟರು ಕೇಳಿಸಿಕೊಂಡರು. ರಕ್ತ ತಪಾಸಣೆ ಆಗಿತ್ತೇ ಎಂದು ಕೇಳಿದರು. ಇಲ್ಲ. ಹಾಗಾದರೆ ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ ಎಂದು ತಲೆಯಾಡಿಸಿ ಮುಂದಿನವರ ಕಡೆ ತಿರುಗಿದರು. ಅವನು ಕುಳಿತ. ಹಾಗಿದ್ದರೂ, ಕೆಲಸಕ್ಕೆ ಒಬ್ಬ ಬೇಕು ಅಂದಾಗ ಕೈ ಎತ್ತಿದವನು ಅವನೇ.

ನೀರು ತುಂಬಿದ ಆ ಹಳ್ಳದ ದಂಡೆಯಲ್ಲಿ ಮೂರು ಪರದೆ ಕಟ್ಟಿದರು. ಸೊಳ್ಳೆಪರದೆಯೇ, ಆದರೆ ದೊಡ್ಡವು. ನೆಲದಿಂದ ಗೇಣಷ್ಟು ಎತ್ತಿ ಕಟ್ಟಿದ್ದರು, ಕೆಳಗಿನಿಂದ ಸೊಳ್ಳೆ ಒಳಗೆ ಬರಲೆಂದು. ಮೊದಲ ಪರದೆಯಲ್ಲಿ ಎಮ್ಮೆ. ಎರಡನೆಯದರಲ್ಲಿ ಹಂದಿ. ಮೂರನೆಯದರಲ್ಲಿ ಹಾಜಿಮಲಂಗ. ಹೊತ್ತು ಮುಳುಗುವಾಗ ಕೂರಬೇಕು. ಪೈಜಾಮ ಮೊಣಕಾಲಿನ ಮೇಲೆ. ಕೈಯಲ್ಲಿ ಗಾಜಿನ ಕೊಳವೆ, ಅದರ ಹಿಂದೆ ರಬ್ಬರಿನ ನಳಿಗೆ, ನಳಿಗೆಯ ತುದಿ ಬಾಯಲ್ಲಿ. ಸೊಳ್ಳೆ ಕಾಲ ಮೇಲೆ ಕೂತರೆ ಉಸಿರೆಳೆದು ಕೊಳವೆಯೊಳಗೆ ಎಳೆದುಕೊಳ್ಳಬೇಕು. ಹೊಡೆಯಬಾರದು. ತುರಿಸಿಕೊಳ್ಳಬಾರದು. ಕಚ್ಚುವ ಮೊದಲೇ ಎಳೆದುಕೊಳ್ಳಬೇಕೆಂದು ಹೇಳಿಕೊಟ್ಟಿದ್ದರು. ಒಂದನ್ನು ಎಳೆಯುವಷ್ಟರಲ್ಲಿ ಹತ್ತು ಕಚ್ಚಿರುತ್ತಿದ್ದವು. ಎಮ್ಮೆ ಬಾಲ ಬೀಸುತ್ತಿತ್ತು. ಹಂದಿ ಹೊರಳುತ್ತಿತ್ತು. ಅಲುಗಾಡದೆ ಕೂರುತ್ತಿದ್ದವನು ಅವನೊಬ್ಬನೇ.

ಹಂದಿ ನಾಮದೇವನದು. ನಾಮದೇವ ಕೈಕಾಡಿ ಜಾತಿಯವನು, ರೈಲಿನ ಪಟ್ಟಿಯ ಆಚೆಗೆ ಅವರ ಗುಡಿಸಲುಗಳಿದ್ದವು. ಬುಟ್ಟಿ ಹೆಣೆಯುತ್ತಿದ್ದ, ಹಂದಿ ಮೇಯಿಸುತ್ತಿದ್ದ. ಊರವರು ಅವನನ್ನು ಕರೆಯುವಾಗ ಹಂದಿಯನ್ನು ಸೇರಿಸಿಯೇ ಕರೆಯುತ್ತಿದ್ದರು. ಅವನೂ ಪ್ರತಿ ಸಂಜೆ ಪರದೆಯ ಹೊರಗೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ. ಮೊದಲ ಸಂಜೆ, ಪಕ್ಕದಲ್ಲಿ ಹಂದಿ ಕಟ್ಟಿದ್ದಕ್ಕೆ ಹಾಜಿಮಲಂಗ ಮಾಮಾ ಸಿಟ್ಟಾದಾನೆಂದು ನಾಮದೇವ ಮುಖ ಕೆಳಗೆ ಹಾಕಿದ್ದ. ಹಾಜಿಮಲಂಗನೇ ಮಾತಾಡಿಸಿದ. "ನಿನ್ನ ಹಂದಿಗೂ ನನಗೂ ಒಂದ ಪಗಾರೇನೋ ನಾಮ್ಯಾ?" ನಾಮದೇವ ನಕ್ಕ. "ಅದಕ ಹೊಟ್ಟು ಹಾಕ್ತಾರ ಮಾಮಾ. ನಿನಗ ಅದೂ ಇಲ್ಲ."

ಇಬ್ಬರನ್ನೂ ಮೂರು ಪರದೆಗಳನ್ನೂ ನೋಡಿಕೊಳ್ಳುವವರು ಪಾಂಡುರಂಗರಾಯರು. ಸೇಡಂ ಕಡೆಯ ವೈಷ್ಣವ ಮನೆತನ. ಸಂಸ್ಥೆಯಲ್ಲಿ ಮೇಲ್ವಿಚಾರಕರು. ಶಹಾಬಾದಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ತೋಳಿನ ತುದಿತನಕ ಅಂಗಿ, ಕಾಲಿಗೆ ಮೋಜಾ, ಬೂಟು, ಕುತ್ತಿಗೆಗೆ ಹಚ್ಚಿದ ಮುಲಾಮಿನ ವಾಸನೆ. ಪರದೆಗಳಿಂದ ದೂರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ತಪ್ಪು ನಡೆದದ್ದು ಮೊದಲ ವಾರದಲ್ಲೇ. ಎಮ್ಮೆಯ ಪರದೆಯಲ್ಲಿ ಕೊಳವೆಗಟ್ಟಲೆ ಸೊಳ್ಳೆ, ಹಂದಿಯ ಪರದೆಯಲ್ಲಿ ಕೊಳವೆಗಟ್ಟಲೆ ಸೊಳ್ಳೆ. ಮನುಷ್ಯನದರಲ್ಲಿ ಏನೂ ಇಲ್ಲದಷ್ಟು. ರಾಯರು ಕುರ್ಚಿಯಿಂದ ಎದ್ದುಬಂದರು.

"ಏ ಹಾಜಿ, ಸೊಳ್ಳಿ ಸೈತ ನಿನ್ನ ಬ್ಯಾಡ ಅನ್ನಾಕತ್ತಾವಲ್ಲೋ. ಏನು ಹಚ್ಚಿ?"

ಅವನಿಗೆ ಅರ್ಥವಾಗಲಿಲ್ಲ. ಏನೂ ಹಚ್ಚಿಲ್ಲ ಅಂದ. ರಾಯರು ನಾಮದೇವನಿಗೆ ಹೇಳಿದರು. "ಮೂಸಿ ನೋಡು ಅವನ ಕಾಲು."

ನಾಮದೇವ ಕದಲಲಿಲ್ಲ. ರಾಯರು ಮತ್ತೊಮ್ಮೆ ಹೇಳಿದರು. ಅವನು ಪರದೆಯೊಳಗೆ ತೂರಿ, ಮೊಣಕಾಲೂರಿ, ತನಗಿಂತ ಹಿರಿಯನ ಅಂಗಾಲಿಗೆ ಮೂಗು ತಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ಬೇವಿನೆಣ್ಣಿರಿ," ಅಂದ ನಾಮದೇವ.

ಖಣಿಯವರ ಲೆಕ್ಕದಲ್ಲಿ ಬೇವಿನೆಣ್ಣೆ ಹಚ್ಚುವ ವಸ್ತುವೇ ಅಲ್ಲ. ಅದು ಉಂಡ ಮೇಲೆ ಬಾಯಿ ತೊಳೆದ ಹಾಗೆ. ಜಾನಬಿ ಪ್ರತಿ ರಾತ್ರಿ ಒಡಕಿಗೆ ತುಂಬುತ್ತಿದ್ದಳು. ಅದರ ಕಹಿಗೆ ಸೊಳ್ಳೆ ದೂರ ನಿಲ್ಲುತ್ತದೆಂಬುದು ಅವರಿಗೆ ಹೊಳೆದೇ ಇರಲಿಲ್ಲ. ಒಂದು ವಾರದ ಕೆಲಸ ಮಣ್ಣುಪಾಲಾಯಿತೆಂದು ರಾಯರು ಕೂಗಾಡಿದರು. ಮೋಸಗಾರ ಅಂದರು. ಆ ಸಂಜೆಯೇ ಕಟ್ಟಪ್ಪಣೆಯಾಯಿತು. ಎಣ್ಣೆ ಬಂದ್. ಸಾಬೂನು ಬಂದ್. ಬೆವರಿನ ವಾಸನೆಗೇ ಸೊಳ್ಳೆ ಬರುವುದು. ಅದಕ್ಕೆ ಮಧ್ಯಾಹ್ನದಿಂದ ಕೆಲಸ ಮುಗಿಯುವತನಕ ಕಾಲಿಗೆ ನೀರು ಬಂದ್.

ಹಾಜಿಮಲಂಗನ ಬಾಯಿಗೆ ಬಂದ ಕಾರಣ ಒಂದೇ. "ಸಂಜಿ ಮಗ್ರಿಬ್ ನಮಾಜಿನ ಹೊತ್ತರಿ ರಾಯರ. ಕಾಲು ತೊಳೀಲಾರದ ಹೆಂಗ್ರಿ?"

"ಹೆಸರಿನ್ಯಾಗ ಹಾಜಿ ಅದಲ್ಲ, ಅಷ್ಟು ಸಾಕು," ಅಂದರು ರಾಯರು. ಆಮೇಲೆ ದನಿ ಇಳಿಸಿ ಅಂದರು. "ಮಕ್ಕಳು ಸಾಯಾಕತ್ತಾವ. ನಿನಗ ಕಾಲು ತೊಳಕೊಳ್ಳೂದು ದೊಡ್ಡದಾತೇನು?"

ಮಗಳನ್ನು ಮಣ್ಣಿಗಿಟ್ಟವನಿಗೆ ಆ ಮಾತು ಹೇಳಿದರೆ ಅವನು ಏನು ಹೇಳಬೇಕು? ಕಲ್ಲಿನಡಿ ಕೈ ಸಿಕ್ಕವನ ಹಾಗೆ ಹೂಂ ಎಂದು ತಲೆಯಾಡಿಸಿದ.

ತೊಳೆಯದ ಕಾಲು ಮೊದಲು ನಾರಿತು. ಆಮೇಲೆ ತುರಿಸಿತು. ಆಮೇಲೆ ಒಡಕಿನಲ್ಲಿ ಮಣ್ಣು ಕೂತು ಕೀವಾಯಿತು. ಸೊಳ್ಳೆ ಕಚ್ಚಿದ ಜಾಗವೆಲ್ಲ ಜೋಳದ ಕಾಳಿನಷ್ಟು ಗಂಟು. ರಾತ್ರಿ ಮನೆಗೆ ಬಂದು ತೊಳೆಯುತ್ತಿದ್ದ, ಬೆಳಿಗ್ಗೆ ತೊಳೆಯುತ್ತಿದ್ದ. ಆದರೆ ಇಡೀ ಹಗಲಿನ ಹೊಲಸು ಸಂಜೆಗೆ ಅವನ ಮೇಲೆಯೇ ಇರುತ್ತಿತ್ತು. ಓಣಿಯ ಗೆಳೆಯರು ಚಹಾದ ಅಂಗಡಿಯಲ್ಲಿ ಬೆಂಚಿನ ತುದಿಗೆ ಸರಿದರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಒಂದು ದಿನ ಕೆಲಸ ಮುಗಿದ ಮೇಲೆ ಸೊಳ್ಳೆಗಳನ್ನು ಮಂಜುಗಡ್ಡೆಯಲ್ಲಿಟ್ಟ ಡಬ್ಬಿ ಹೊತ್ತು ರಾಯರ ಮನೆಗೆ ಹೋದ. ರಾಯರು ಬಾಗಿಲಲ್ಲಿ ನಿಂತಿದ್ದರು. ಹೆಂಡತಿ ರುಕ್ಮಿಣಿಬಾಯಿ ತಂಬಿಗೆಯಿಂದ ನೀರು ಹನಿಸುತ್ತಿದ್ದರು. ರಾಯರು ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜಿ ತೊಳೆದುಕೊಳ್ಳುತ್ತಿದ್ದರು. ನಿಧಾನವಾಗಿ, ಬೆರಳ ಸಂದುಗಳನ್ನೂ ಬಿಡದೆ. ಡಬ್ಬಿಯನ್ನು ಅಲ್ಲೇ ಕೆಳಗಿಟ್ಟು ಹೋಗು ಅಂದರು. ತೊಳೆದ ನೀರು ಮೆಟ್ಟಿಲಿಳಿದು ಹಾಜಿಮಲಂಗನ ಕಡೆ ಹರಿದುಬಂತು. ಅವನು ಚಟ್ಟನೆ ಕಾಲು ಹಿಂದಕ್ಕೆ ತೆಗೆದುಕೊಂಡ. ನೀರು ಸೋಕಬಾರದು. ತೆಗೆದುಕೊಂಡ ಮೇಲೆ ನೆನಪಾಯಿತು, ಇವತ್ತಿನ ಕೆಲಸ ಮುಗಿದಿದೆ, ಈಗ ಸೋಕಬಹುದು. ಯಾರೂ ಹೇಳದೆ ಕಾಲು ತಾನಾಗಿ ಹಿಂದೆ ಸರಿದಿತ್ತು. ದಾರಿಯುದ್ದಕ್ಕೂ ಅವನು ಅದನ್ನೇ ಯೋಚಿಸಿದ. ಮನಸ್ಸಿಗಿಂತ ಮೊದಲು ಕಾಲು ಗುಲಾಮಗಿರಿ ಕಲಿತಿತ್ತು.

ನಾಮದೇವನ ಹಂದಿ ಮೇವು ಬಿಟ್ಟಿತು. ಮರುದಿನವೇ ಕಲಬುರಗಿಯಿಂದ ಪಶುವೈದ್ಯರು ಜೀಪಿನಲ್ಲಿ ಬಂದರು. ಹಂದಿಯ ಕಣ್ಣು ನೋಡಿದರು, ನಾಲಿಗೆ ನೋಡಿದರು, ಇಂಜೆಕ್ಷನ್ ಕೊಟ್ಟರು. ಅದು ಹುಳದ ಕಾಟವಷ್ಟೇ ಎಂದು ಧೈರ್ಯ ಹೇಳಿ ಹೋದರು. ಹಂದಿ ಎದ್ದಿತು.

ಅದೇ ತಿಂಗಳು ಹಾಜಿಮಲಂಗ ಬಿದ್ದ. ಮೈ ಕೆಂಡವಾಯಿತು. ತಲೆಯೊಳಗೆ ಯಾರೋ ಹಾರೆ ಹಾಕಿ ಫರಸಿ ಎಬ್ಬಿಸಿದ ಹಾಗೆ. ಬೆಳಕು ಕಂಡರೆ ವಾಂತಿ. ಜಾನಬಿ ಅವನ ಕುತ್ತಿಗೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿದಳು, ಮಗಳ ಕುತ್ತಿಗೆಯನ್ನು ನೋಡಿದವಳು ಅವಳು. ಸುದ್ದಿ ಮುಟ್ಟಿಸಿದಾಗ ರಾಯರು ಸಂಸ್ಥೆಯ ಒಬ್ಬ ನೌಕರನನ್ನು ಕಳಿಸಿದರು. ಅವನು ಔಷಧಿ ತಂದಿರಲಿಲ್ಲ. ಸೂಜಿ ತಂದಿದ್ದ. ರಕ್ತ ತೆಗೆದುಕೊಂಡು ಹೋದ. ಕೆಲವು ದಿನ ಬಿಟ್ಟು ಬಂದು ಮತ್ತೊಮ್ಮೆ ತೆಗೆದುಕೊಂಡು ಹೋದ. ಜಾನಬಿ ಬಾಗಿಲಿಗೆ ಅಡ್ಡ ನಿಂತು, ಗುಳಿಗೆಯಾದರೂ ಕೊಡಿ ಎಂದು ಕೇಳಿದಳು. ಅದು ನನ್ನ ಕೆಲಸವಲ್ಲ ಅಂದ. ಅವಳೇ ಅವರಿವರಲ್ಲಿ ಕೇಳಿ ಪೇಟೆಯ ಡಾಕ್ಟರನ್ನು ಕರೆತಂದಳು. ಹಣೆಗೆ ತಣ್ಣೀರು ಪಟ್ಟಿ ಹಾಕುತ್ತ ಕೂತಳು. ಅವನು ಸಾಯಲಿಲ್ಲ.

ಎದ್ದು ಓಡಾಡುವಂತಾದಾಗ ಅವನಿಗೆ ಒಂದೇ ವಿಷಯ ಬೇಕಿತ್ತು. ರಕ್ತದಲ್ಲಿ ಏನು ಬಂತು? ರಾಯರನ್ನು ಕೇಳಿದ. ನಿನಗೆ ತಿಳಿಯುವುದಲ್ಲ ಅಂದರು. ಮತ್ತೆ ಕೇಳಿದ. ಕೆಲಸಕ್ಕೆ ಯಾವಾಗಿನಿಂದ ಬರುತ್ತಿ ಎಂದು ತಿರುಗಿ ಕೇಳಿದರು. ಕಡೆಗೆ ಅವನು ಸರ್ಕಾರಿ ಬಂಗಲೆಗೆ, ಐಬಿಗೆ ನಡೆದ. ಡಾಕ್ಟರು ಅಲ್ಲಿ ಇಳಿದಿದ್ದರು. ಬೆಳಗಿನಿಂದ ಗೇಟಿನ ಹೊರಗೆ ನಿಂತ. ನಂದಕಿಶೋರ್ ಹೊರಗೆ ಬಂದವರು ಅವನನ್ನು ಕಂಡು ನಿಜವಾಗಿಯೂ ಸಂತೋಷಪಟ್ಟರು.

"ಓ, ನೀನಾ? ನಾವು ಹುಡುಕುತ್ತಿದ್ದದ್ದು ನಿನ್ನ ರಕ್ತದಲ್ಲಿ ಸಿಕ್ಕಿತಪ್ಪ. ತುಂಬ ಒಳ್ಳೆಯದಾಯಿತು."

"ಯಾರಿಗೆ ಒಳ್ಳೇದಾತ್ರಿ?"

"ಎಲ್ಲರಿಗೂ," ಅಂದರು ಡಾಕ್ಟರು.

"ನನ್ನ ಮಗಳಿಗೆ ಬಂದಿದ್ದೂ ಇದ ಏನ್ರಿ?"

"ಅದನ್ನು ಹೇಳಲಾಗುವುದಿಲ್ಲ. ಅವಳ ರಕ್ತ ನಮ್ಮಲ್ಲಿ ಇಲ್ಲವಲ್ಲ." ಆಮೇಲೆ ಸಮಾಧಾನ ಹೇಳುವ ದನಿಯಲ್ಲಿ ಮುಂದುವರಿಸಿದರು. "ನೋಡು, ಒಮ್ಮೆ ಬಂದವನಿಗೆ ಇದು ಮತ್ತೆ ಬರುವುದಿಲ್ಲ. ಇನ್ನು ನಿನಗೆ ಅಪಾಯವಿಲ್ಲ. ಈ ಕೆಲಸಕ್ಕೆ ನಿನಗಿಂತ ಸರಿಯಾದ ಮನುಷ್ಯ ಸಿಗುವುದಿಲ್ಲ."

ಹಾಜಿಮಲಂಗ ತಲೆಬಾಗಿ ಬಂದ. ರೈಲಿನ ಪಟ್ಟಿ ದಾಟುವಾಗ ಮಾತು ಒಳಗೆ ಇಳಿಯಿತು. ಇನ್ನು ಅಪಾಯವಿಲ್ಲ. ಅಂದರೆ ಇಷ್ಟು ದಿನ ಇತ್ತು. ಇದ್ದದ್ದು ಅವರಿಗೆ ಗೊತ್ತಿತ್ತು. ಮೋಜಾ ಅದಕ್ಕೇ, ಬೂಟು ಅದಕ್ಕೇ, ಕುರ್ಚಿ ಅಷ್ಟು ದೂರ ಇದ್ದದ್ದು ಅದಕ್ಕೇ.

ಆದರೂ ಅವನು ಮರಳಿ ಹೋದ. ಕೆಲಸ ಬೇರೆ ಇರಲಿಲ್ಲ, ಅದು ಒಂದು. ಇನ್ನೊಂದು, ಯಾವ ಸೊಳ್ಳೆ ಎಂದು ಅವರು ಕಂಡುಹಿಡಿದರೆ ಇನ್ನೊಂದು ಮಗು ಬೆಂಚಿನ ಮೇಲೆ ಸಾಯಲಿಕ್ಕಿಲ್ಲ ಎಂಬ ಆಸೆ ಇನ್ನೂ ಸತ್ತಿರಲಿಲ್ಲ. ಆ ಆಸೆಯನ್ನು ಅವರು ಹಗ್ಗ ಮಾಡಿಕೊಂಡಿದ್ದರು.

ಚಳಿ ಬೀಳುವ ಹೊತ್ತಿಗೆ ಮೇಲಿನ ಸಾಹೇಬರು ಬಂದರು. ಎಲ್ಲಿಂದ ಎಂದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ; ದೆಹಲಿಯಿಂದ ಅಂದರು ಕೆಲವರು. ಮೂರು ಕಾರು, ಒಬ್ಬ ಫೋಟೋದವನು. ಅವತ್ತು ಮಧ್ಯಾಹ್ನದಿಂದಲೇ ರಾಯರು ತಿರುಗಾಡಿದರು. ಎಮ್ಮೆಯ ಮೈ ತೊಳೆಸಿದರು, ನೋಡಲು ಚೆನ್ನಾಗಿ ಕಾಣಲೆಂದು. ಸೊಳ್ಳೆ ಎಮ್ಮೆಗೆ ಹೇಗೂ ಬರುತ್ತವೆ ಅಂದರು. ನಾಮದೇವ ಹಂದಿಗೂ ಎರಡು ಬಕೀಟು ನೀರು ಹೊಯ್ದ. ಹಾಜಿಮಲಂಗ ತನ್ನ ಕಾಲನ್ನೊಮ್ಮೆ ನೋಡಿಕೊಂಡು ರಾಯರ ಮುಖ ನೋಡಿದ. ರಾಯರು ಬೆರಳಾಡಿಸಿದರು. ಬೇಡ.

ಹೊತ್ತು ಮುಳುಗುವಾಗ ಸಾಹೇಬರು ದಂಡೆಗೆ ಇಳಿದರು. ನಂದಕಿಶೋರ್ ಕೈಯಲ್ಲಿ ಬೆತ್ತ ಹಿಡಿದು ತೋರಿಸುತ್ತ ಬಂದರು. ಎಮ್ಮೆಯ ಕಡೆ ಬೆತ್ತ. ಇಷ್ಟು ಸೊಳ್ಳೆ. ಹಂದಿಯ ಕಡೆ ಬೆತ್ತ. ಇಷ್ಟು ಸೊಳ್ಳೆ. ಹಾಜಿಮಲಂಗನ ಕಡೆ ಬೆತ್ತ. ಇಷ್ಟು. ಬೆತ್ತ ಮೂರು ಕಡೆಯೂ ಒಂದೇ ಎತ್ತರದಲ್ಲಿ ನಿಂತಿತು. ಈ ಮೂರನೆಯದು ಪಾಸಿಟಿವ್ ಎಂದು ಅವರು ಹೇಳಿದ್ದು ಅವನಿಗೆ ಕೇಳಿಸಿತು. ಒಬ್ಬ ಸಾಹೇಬರು, ಇವನಿಗೆ ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದರು. ಅಭ್ಯಾಸವಾಗಿದೆ ಎಂದು ಡಾಕ್ಟರು ಅಂದರು. ಯಾರೂ ಅವನನ್ನು ಕೇಳಲಿಲ್ಲ.

ಫೋಟೋದವನಿಗೆ ಕಾಲು ಸರಿಯಾಗಿ ಕಾಣಲಿಲ್ಲ. ಪೈಜಾಮ ಇನ್ನೂ ಮೇಲೆ ಅಂದ. ರಾಯರು ಪರದೆಯೊಳಗೆ ಕೋಲು ತೂರಿಸಿ, ಕೋಲಿನ ತುದಿಯಿಂದ ಪೈಜಾಮವನ್ನು ತೊಡೆಗೆ ಏರಿಸಿದರು. ಕೈ ತಾಗಿಸಲಿಲ್ಲ. ಒಂದು ಸೊಳ್ಳೆ ಮೀನಖಂಡದ ಮೇಲೆ ಕೂತಿತು. ಹಾಜಿಮಲಂಗ ಕೊಳವೆ ತಂದ.

"ಎಳೀಬ್ಯಾಡ," ಅಂದರು ರಾಯರು. "ಫೋಟೋ ಬೇಕಂತ. ಕುಡೀಲಿ ಬಿಡು."

ಅವನು ಕೊಳವೆ ಹಿಡಿದುಕೊಂಡೇ ಕೂತ. ಎಲ್ಲರೂ ಬಗ್ಗಿ ನೋಡಿದರು. ಸೊಳ್ಳೆ ಸೂಜಿ ಇಳಿಸಿತು. ಅದರ ಹೊಟ್ಟೆ ತೆಳ್ಳಗಿತ್ತು. ಕೆಂಪು ಕೆಳಗಿನಿಂದ ಏರಿತು. ಹೊಟ್ಟೆ ಉಬ್ಬಿತು. ಗಾಜಿನ ಮಣಿಯ ಹಾಗೆ ಹೊಳೆಯಿತು. ಕ್ಯಾಮೆರಾ ಮಿಂಚಿತು. ಇನ್ನೊಂದು ತೆಗೆಯುತ್ತೇನೆ, ಪೂರ್ತಿ ತುಂಬಲಿ ಅಂದ ಫೋಟೋದವನು. ಮಸೀದಿಯಿಂದ ಅಜಾನ್ ಶುರುವಾಯಿತು. ಸೊಳ್ಳೆ ಕುಡಿಯಿತು. ಭಾರವಾಗಿ, ಹಾರಲಾರದೆ ಹಾರಿ ಪರದೆಗೆ ಅಂಟಿಕೊಂಡಿತು. ಚೆನ್ನಾಗಿ ಬಂತು ಎಂದು ಯಾರೋ ಮೆಚ್ಚಿದರು.

ಹಾಜಿಮಲಂಗ ನಳಿಗೆಯನ್ನು ಬಾಯಿಂದ ತೆಗೆದ. ಕೊಳವೆಯನ್ನು ತಾನು ಕೂತಿದ್ದ ಹಲಗೆಯ ಮೇಲಿಟ್ಟ. ಪರದೆ ಎತ್ತಿ ಹೊರಗೆ ಬಂದ.

"ಎಲ್ಲಿಗೆ?" ಅಂದರು ರಾಯರು.

"ಕಾಲು ತೊಳೀತೀನ್ರಿ."

"ಹೊತ್ತು ಮುಗಿದಿಲ್ಲ. ಒಳಗ ಕುಂದುರು."

"ಕುಂದ್ರಂಗಿಲ್ಲ."

ರಾಯರು ಹತ್ತಿರ ಬಂದು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು. "ಸಾಹೇಬ್ರು ನಿಂತಾರ, ಕಾಣಂಗಿಲ್ಲೇನೋ ನಿನಗ?"

"ಕಾಣ್ತಾರ್ರಿ. ಅವರನ್ನ ಕೂಡಸ್ರಿ. ಬೂಟು ಬಿಚ್ಚಿಸಿ ಕೂಡಸ್ರಿ."

ದನಿ ಎತ್ತಿರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು. ಎಮ್ಮೆಗೆಂದು ತುಂಬಿಟ್ಟ ಬಕೀಟು ಅಲ್ಲೇ ಇತ್ತು. ಅವನು ಅದರ ಮುಂದೆ ಕಲ್ಲಿನ ಮೇಲೆ ಕೂತ. ಚರಿಗೆ ನಾಮದೇವನ ಕಡೆಗಿತ್ತು.

"ಹಾಕೋ ನಾಮ್ಯಾ."

"ನನ್ನ ಕೈಲೇನು ಮಾಮಾ?"

"ನಿನ್ನ ಕೈಲೇ."

ನಾಮದೇವ ಒಮ್ಮೆ ರಾಯರನ್ನು ನೋಡಿದ, ಒಮ್ಮೆ ಕಾರುಗಳನ್ನು ನೋಡಿದ. ಚರಿಗೆ ಎತ್ತಿ ನೀರು ಹುಯ್ದ. ಹಾಜಿಮಲಂಗ ಕೆಳಗಿನಿಂದ ಒಂದು ಫರಸಿಯ ಚೂರು ಎತ್ತಿಕೊಂಡು ಉಜ್ಜಿದ. ಹೆಕ್ಕಳಿಕೆ ಕಿತ್ತು ಬಂತು. ಗಂಟುಗಳು ಒಡೆದು ರಕ್ತ ಬಂತು. ಒಡಕಿನಿಂದ ಕಪ್ಪು ನೀರು ಇಳಿಯಿತು. ಅವನು ಅವಸರ ಮಾಡಲಿಲ್ಲ. ಹಿಮ್ಮಡಿ, ಹರಡು, ಮೀನಖಂಡ, ಬೆರಳ ಸಂದು. ಸಾಹೇಬರು ನಿಂತು ನೋಡಿದರು. ಫೋಟೋದವನು ಕ್ಯಾಮೆರಾ ಎತ್ತಿದ್ದನ್ನು ರಾಯರು ಕೈ ಅಡ್ಡ ಹಿಡಿದು ತಡೆದರು.

ಬಕೀಟು ಬರಿದಾದ ಮೇಲೆ ಹಾಜಿಮಲಂಗ ಎದ್ದು ನಡೆದ. ನಾಮದೇವ ಚರಿಗೆ ಕೆಳಗಿಟ್ಟು ಎರಡನೆಯ ಪರದೆಯ ಹತ್ತಿರ ಹೋದ. ಹಂದಿಯ ಹಗ್ಗ ಬಿಚ್ಚಿದ. "ನಂದೂ ಸಾಕಾತ್ರಿ," ಅಂದ. ಹಂದಿ ಸಾಹೇಬರ ನಡುವೆಯೇ ಹಾದು ಜೊಂಡಿನೊಳಗೆ ಓಡಿತು. ಎಮ್ಮೆಯೊಂದೇ ಪರದೆಯೊಳಗೆ ಮೆಲುಕು ಹಾಕುತ್ತ ಉಳಿಯಿತು.

ಪೊಲೀಸರು ಬಂದದ್ದು ಮರುದಿನ. ಸರ್ಕಾರದ ಕೆಲಸಕ್ಕೆ ಅಡ್ಡಿ ಎಂದು ಇಬ್ಬರನ್ನೂ ಎಳೆದೊಯ್ದರು. ಸುದ್ದಿ ಓಣಿಗೆ ಮುಟ್ಟಿತು, ಓಣಿಯಿಂದ ಮಸೀದಿಗೆ ಮುಟ್ಟಿತು. ನಮಾಜಿಗೆ ಹೋಗುವವನನ್ನು ತಡೆದರು ಎಂಬ ಮಾತು ಹಬ್ಬಿತು. ಮಸೀದಿಯ ಹಿರಿಯ ಅಮೀರ್ ಅಲಿ ಹತ್ತಾರು ಮಂದಿಯನ್ನು ಕಟ್ಟಿಕೊಂಡು ಠಾಣೆಗೆ ಬಂದ. ಗಲಾಟೆಯಾದೀತೆಂದು ಫೌಜದಾರ ಹಾಜಿಮಲಂಗನನ್ನು ಬಿಟ್ಟ. ನಾಮದೇವನಿಗಾಗಿ ಬರಲು ಮಸೀದಿ ಇರಲಿಲ್ಲ, ಗುಡಿಯೂ ಇರಲಿಲ್ಲ. ಅವನನ್ನು ಒಳಗೆ ಹೊಡೆದರು. ಹೊಡೆತದ ಸದ್ದು ಹೊರಗೆ ಕೇಳಿಸುತ್ತಿತ್ತು.

ಅಮೀರ್ ಅಲಿ ನಡಿ ಅಂದ. ಹಾಜಿಮಲಂಗ ನಡೆಯಲಿಲ್ಲ. ಠಾಣೆಯ ಮೆಟ್ಟಿಲ ಮೇಲೆ ಕೂತ. ನೀರು ಹಾಕು ಅಂದವನು ನಾನು, ಅವನು ಹೊರಗೆ ಬರುವತನಕ ಏಳುವುದಿಲ್ಲ ಎಂದ. ಬಂದ ಮಂದಿ ಗೊಣಗಿದರು; ಹಂದಿಯವನಿಗಾಗಿ ಯಾಕೆ ಅಂದರು. ಕೆಲವರು ಹೋದರು. ಕೆಲವರು ನಾಚಿಕೆಗೆ ಉಳಿದರು. ಜಾನಬಿ ರೊಟ್ಟಿ ಕಟ್ಟಿಕೊಂಡು ಬಂದು ಪಕ್ಕದಲ್ಲಿ ಕೂತಳು. ಇಳಿಹೊತ್ತಿಗೆ ನಾಮದೇವನನ್ನು ಬಿಟ್ಟರು. ಅವನ ತುಟಿ ಒಡೆದಿತ್ತು. ಮೂವರೂ ಅಲ್ಲೇ ಕೂತು ರೊಟ್ಟಿ ತಿಂದರು.

ಮೂರನೆಯ ಪರದೆ ಬಹಳ ದಿನ ಬರಿದಾಗಿ ಉಳಿಯಲಿಲ್ಲ. ವಾಡಿ ಕಡೆಯಿಂದ ಒಬ್ಬನನ್ನು ತಂದರು. ಅವನು ಮಾತಾಡುತ್ತಿರಲಿಲ್ಲ. ಹಂದಿಯೂ ಇನ್ನೊಂದು ಬಂತು. ಅಧ್ಯಯನ ಮುಗಿಯಿತು, ಜೀಪುಗಳು ಹೋದವು. ಯಾವ ಸೊಳ್ಳೆ ಎಂದು ಓಣಿಗೆ ಯಾರೂ ಬಂದು ಹೇಳಲಿಲ್ಲ. ಹಳ್ಳವನ್ನು ಯಾರೂ ಮುಚ್ಚಲಿಲ್ಲ. ಮುಂದಿನ ಮಳೆಗಾಲಕ್ಕೆ ಅದು ಮತ್ತೆ ತುಂಬಿತು.

ಮಾತು ಮಾತ್ರ ಉಳಿಯಿತು. ಆ ಮಂದಿಗೆ ಧರ್ಮದ ಮುಂದೆ ಮಕ್ಕಳ ಜೀವವೂ ಲೆಕ್ಕಕ್ಕಿಲ್ಲ ಎಂದು ಪಾಂಡುರಂಗರಾಯರು ಸೇಡಂನಲ್ಲಿ ಹೇಳಿಕೊಂಡು ತಿರುಗಿದರು. ಹಳ್ಳಿಗರ ಧಾರ್ಮಿಕ ನಂಬಿಕೆಯಿಂದ ಕೆಲಸಕ್ಕೆ ತೊಡಕಾಯಿತೆಂದು ಡಾಕ್ಟರು ಮೇಲಿನವರಿಗೆ ತಿಳಿಸಿದರಂತೆ. ಇತ್ತ ಮಸೀದಿಯಲ್ಲಿ ಒಂದು ಶುಕ್ರವಾರ ಹಾಜಿಮಲಂಗನನ್ನು ಕರೆಸಿ ಎಲ್ಲರೆದುರು ಶಾಲು ಹೊದಿಸಿದರು. ದೆಹಲಿಯ ಸಾಹೇಬರ ಮುಂದೆ ನಮಾಜು ಬಿಡದವನು ಎಂದು ಅಮೀರ್ ಅಲಿ ಹೊಗಳಿದ. ಓಣಿಯ ಮುದುಕರು ಮೊಮ್ಮಕ್ಕಳಿಗೆ ಅವನನ್ನು ತೋರಿಸಿ ಹೇಳಿದರು. ಶತ್ರುಗಳೂ ಮಿತ್ರರೂ ಒಂದೇ ಕಥೆ ಕಟ್ಟಿದ್ದರು. ಬೈಯುವವರು ಅದರಿಂದ ಬೈದರು, ಹೊಗಳುವವರು ಅದರಿಂದಲೇ ಹೊಗಳಿದರು. ಹಾಜಿಮಲಂಗ ಶಾಲು ಹೊದ್ದು ಕೂತಿದ್ದ.

ತಸ್ಲೀಮಳನ್ನು ಮಣ್ಣಿಗಿಟ್ಟ ದಿನದಿಂದ ಅವನು ನಮಾಜು ಮಾಡಿರಲಿಲ್ಲ. ಸಾಹೇಬರು ಬಂದ ಆ ಸಂಜೆಯೂ ಮಾಡಲಿಲ್ಲ. ಕಾಲು ಹೊಲಸಾಗಿದ್ದವು, ತೊಳೆದುಕೊಂಡ. ಇದನ್ನು ಅವನು ಯಾರಿಗೂ ಹೇಳಲಿಲ್ಲ.